ಉರುಳಿ ಬಂದ ಕಾಯಿ

ಕಾರವಾರ
9 ಜೂನ್ 2024

ಪ್ರೀತಿಯ ನಿಂಗಮ್ಮತ್ತೆ,

ಫೋನಿನಲ್ಲಿ ನಾನು ಕಿರುಚುವುದು, ಅದನ್ನು ಕಲ್ಲೇಶ್ ಭಾವ ನಿಮ್ಮ ಕಿವಿಯ ಹತ್ತಿರ ಇನ್ನೊಮ್ಮೆ ಕಿರುಚುವುದು, ನೀವು ‘ಹ್ಞೂ ಕಣೇ, ಇಲ್ಲೂ ಮಳೆ’ ಎನ್ನುವುದು. ನಾನು ಕೇಳಿದ್ದು ಮಳೆಯ ವಿಷಯ ಆಗಿರುವುದೇ ಇಲ್ಲ. ಅದಕ್ಕೇ ಈ ಕಾಗದ. ಕಿವಿ ಕೈಕೊಟ್ಟರೂ ನಿಮ್ಮ ಕಣ್ಣು ಚೆನ್ನಾಗಿದೆ, ಮಗನಿಗಿಂತ ಮೊದಲು ಪೇಪರ್ ಓದಿ ಮುಗಿಸುತ್ತೀರೆಂದು ಭಾವನೇ ಹೇಳಿದರು.

ಹೋದ ವಾರ ಗೋಡೆಯ ಮೇಲಿನ ಅವ್ವನ ಫೋಟೋ ಒರೆಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ಇಬ್ಬನಿ, ‘ಅಜ್ಜಿಯ ದನಿ ಹೇಗಿತ್ತಮ್ಮ?’ ಎಂದಳು. ಫೋಟೋದಲ್ಲಿ ಮುಖವಿದೆ, ಸೀರೆಯ ಅಂಚಿದೆ, ಕುರ್ಚಿಯ ಹಿಡಿಯ ಮೇಲಿಟ್ಟ ಕೈ ಇದೆ. ದನಿ ಎಲ್ಲಿಂದ ತರಲಿ? ಇಪ್ಪತ್ತೊಂದರ ಹುಡುಗಿಗೆ ಹೊಳೆದ ಪ್ರಶ್ನೆ ನಲವತ್ತೆಂಟರ ನನಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನಿಮಗೆ ಗೊತ್ತಿರುವುದೇ. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ಜ್ವರ ಬಂದು ನಿಮ್ಮ ಮನೆಯಲ್ಲಿ, ತನ್ನ ತವರಿನಲ್ಲೇ, ತೀರಿಕೊಂಡಳು. ಅಪ್ಪ ನನ್ನನ್ನು ಕಾರವಾರಕ್ಕೆ ಕರೆತಂದು ಎರಡನೇ ಮದುವೆಯಾದರು. ಚಿಕ್ಕಮ್ಮ ಸ್ವಂತ ಮಗಳಂತೆ ಸಾಕಿದರು, ಅವರನ್ನೇ ಅಮ್ಮ ಎಂದು ಕರೆದೆ. ಯಾವ ಕೊರತೆಯೂ ಆಗಲಿಲ್ಲ. ಆದರೆ ಅವ್ವನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಹೋಗಿ ಎರಡು ವರ್ಷವಾಯಿತು. ಮಾವ ಅದಕ್ಕೂ ಮೊದಲೇ ಹೋದರು. ಅವಳನ್ನು ಹತ್ತಿರದಿಂದ ನೋಡಿದವರಲ್ಲಿ ಈಗ ಉಳಿದಿರುವವರು ನೀವೊಬ್ಬರೇ, ಅವಳ ಅತ್ತಿಗೆ.

ಇಬ್ಬನಿ ನಮ್ಮ ಮನೆತನದವರ ಬದುಕಿನ ಕಥೆಗಳನ್ನೆಲ್ಲ ಬರೆದು, ಮುಂದೆ ಹುಟ್ಟುವವರಿಗಾಗಿ ಒಂದು ಸಣ್ಣ ಪುಸ್ತಕ ಮಾಡಿಸುತ್ತಾಳಂತೆ. ನಿಮಗೆಂದು ಪ್ರಶ್ನೆಗಳನ್ನೂ ಬರೆದಿದ್ದಾಳೆ, ಜೊತೆಗೆ ಇಟ್ಟಿದ್ದೇನೆ. ಅವ್ವನ ಬಗ್ಗೆ ನೆನಪಿರುವುದನ್ನೆಲ್ಲ ಬರೆಯಿರಿ. ನಿಮ್ಮ ಬದುಕಿನ ಕಥೆಯನ್ನೂ ಬರೆಯಿರಿ. ದಯವಿಟ್ಟು ತಡ ಮಾಡಬೇಡಿ.

ನಿಮ್ಮ
ಆಶಾ


ಹಾಲ್ಕುರಿಕೆ
24 ಜೂನ್ 2024

ಚಿ. ಸೌ. ಆಶಾಳಿಗೆ ನಿಂಗಮ್ಮತ್ತೆಯ ಆಶೀರ್ವಾದಗಳು.

ಕಾಗದ ಬಂತು. ಎರಡು ಸಲ ಓದಿದೆ. ವಿಷಯ ಅರ್ಥವಾಯಿತು.

ಹೋದ ತಿಂಗಳು ಎದೆ ಹಿಡಿದುಕೊಂಡಂತಾಗಿ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಕಲ್ಲೇಶನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ನಾನು ಏನಂತೆ ಅಂದಿದ್ದಕ್ಕೆ ಅವನು ಚೀಟಿಯಲ್ಲಿ ‘ಗ್ಯಾಸು’ ಎಂದು ಬರೆದು ತೋರಿಸಿದ. ಗ್ಯಾಸಿಗೆ ಪಕ್ಕಕ್ಕೆ ಯಾಕೆ ಕರೆಯಬೇಕು? ಈಗ ನೋಡಿದರೆ ನೀನು ಇದ್ದಕ್ಕಿದ್ದಂತೆ ಬದುಕಿನ ಕಥೆ ಬರೆಯಿರಿ, ತಡ ಮಾಡಬೇಡಿ ಅನ್ನುತ್ತೀಯ.

ನಮ್ಮ ಕಡೆ ಒಬ್ಬರ ಬದುಕಿನ ಕಥೆ ಯಾವಾಗ ಅಚ್ಚಾಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಸತ್ತವರ ಶಿವಗಣಾರಾಧನೆಯ ದಿನ. ಊಟ ಮಾಡಿ ಎದ್ದವರ ಕೈಗೆ ಎಲೆ ಅಡಿಕೆ ಜೊತೆ ಒಂದು ಪುಸ್ತಕ. ಮೇಲೆ ಫೋಟೋ, ಒಳಗೆ ಹುಟ್ಟಿದ ಊರು, ಮಾಡಿದ ಪುಣ್ಯ. ಪಕ್ಕದ ತೋಟದ ಸದಾಶಿವಯ್ಯನವರ ಪುಸ್ತಕದಲ್ಲಿ ‘ಮೃದುಭಾಷಿ’ ಎಂದು ಹಾಕಿಸಿದ್ದರು. ಅವರು ಎತ್ತಿಗೆ ಬೈಯುವುದನ್ನು ಕೇಳಿದವರೆಲ್ಲ ಪಂಕ್ತಿಯಲ್ಲೇ ಸೆರಗು ಬಾಯಿಗೆ ಇಟ್ಟುಕೊಂಡರು.

ನನಗೆ ಭಯವಿಲ್ಲ. ಎಪ್ಪತ್ತನಾಲ್ಕಾಯಿತು. ಆದರೆ ಮಾಡಬೇಕಾದ ಕೆಲಸ ಮಾಡಿ ಹೋಗಬೇಕು. ಮೊನ್ನೆ ಕೊಬ್ಬರಿಗೆಂದು ಅಟ್ಟದಲ್ಲಿಟ್ಟಿದ್ದ ಕಾಯಿಯೆಲ್ಲ ಕೆಳಗಿಳಿಸಿ ಒಡೆಸಲು ಹಚ್ಚಿದೆ. ವರ್ಷ ತುಂಬಿಲ್ಲ, ಒಳಗಿನ ನೀರು ಪೂರ್ತಿ ಇಂಗಿಲ್ಲ. ಕಲ್ಲೇಶ ಕೈ ಕಾಲು ಬಡಿದುಕೊಂಡ. ಆದರೆ ನಾನು ಹೋದ ಮೇಲೆ ಯಾವುದು ಕೊಬ್ಬರಿಯಾಗಿದೆ, ಯಾವುದು ಆಗಿಲ್ಲ ಎಂದು ನೋಡುವವರು ಯಾರು? ಅವನ ಕೈಗೆ ಅದು ತಿಳಿಯುವುದಿಲ್ಲ.

ನಿನ್ನ ಮಗಳ ಪ್ರಶ್ನೆ ಓದಿದೆ. ‘ನಿಮ್ಮ ಬಾಲ್ಯದ ಕನಸು ಏನಾಗಿತ್ತು?’ ಕನಸು ಬೀಳುತ್ತಿರಲಿಲ್ಲ ಎಂದು ಬರೆದುಕೊಳ್ಳಲು ಹೇಳು. ಮಲಗಿದರೆ ಎಚ್ಚರವಾಗುತ್ತಿದ್ದುದು ಬೆಳಿಗ್ಗೆಯೇ.

ನಿಮ್ಮವ್ವ ಸುನಂದಾ ವಿಷಯ ಆಮೇಲೆ ನೋಡೋಣ. ಡಾಕ್ಟರು ಏನು ಹೇಳಿದರೆಂದು ಕಲ್ಲೇಶ ನಿನಗೆ ಹೇಳಿರುತ್ತಾನೆ. ಮುಚ್ಚಿಡದೆ ಬರಿ.

ನಿಂಗಮ್ಮ


ಕಾರವಾರ
3 ಜುಲೈ 2024

ಅತ್ತೆ,

ನನ್ನನ್ನು ಕ್ಷಮಿಸಬೇಕು. ನಿಮ್ಮ ಕಾಗದ ಓದಿ ಮೊದಲು ಗಾಬರಿಯಾಯಿತು. ತಕ್ಷಣ ಭಾವನಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಲೇ ಆಶಾ, ಏನ್ ಬರ್ದೆ ನೀನು? ನಮ್ಮವ್ವ ಸಾಯಕ್ಕೆ ರೆಡಿಯಾಗಿ ಅಟ್ಟ ಖಾಲಿ ಮಾಡ್ಸವ್ಳೆ. ಮುಂದಿಂದು ನಂಗೆ ಬುಡು ಅಂದ್ರೆ, ನಿಂಗೇನ್ ಗೊತ್ತು ಕಣ್ಲಾ ಅಂತ ನಂಗೇ ಬಯ್ತಾಳೆ.’

ಡಾಕ್ಟರು ಹೇಳಿದ್ದು ಗ್ಯಾಸೆಂದೇ. ಪಕ್ಕಕ್ಕೆ ಕರೆದದ್ದು, ಸಂಜೆ ಸಂಜೆ ಬೋಂಡ ತಿನ್ನುವುದನ್ನು ನಿಲ್ಲಿಸಿ ಎಂದು ನಿಮ್ಮೆದುರು ಹೇಳಿದರೆ ನೀವು ಬೇಜಾರು ಮಾಡಿಕೊಳ್ಳುತ್ತೀರೆಂದು. ಕೈಮುಗಿದು ಕೇಳುತ್ತೇನೆ, ಉಳಿದ ಕಾಯಿಗಳನ್ನು ಒಡೆಸಬೇಡಿ. ಮತ್ತೆ ಅಟ್ಟಕ್ಕೆ ಹಾಕಿಸಿ.

ಬದುಕಿರುವವರ ಕಥೆಯನ್ನು ಬದುಕಿರುವಾಗಲೇ ಅವರ ಕೈಯಲ್ಲೇ ಬರೆಸಬೇಕೆಂಬುದು ಇಬ್ಬನಿಯ ಹಟ. ‘ಎಲ್ಲರೂ ಮೃದುಭಾಷಿಗಳಾಗುವ ಮೊದಲೇ’ ಎಂದು ಈಗ ಸೇರಿಸಿದ್ದಾಳೆ.

ನಾನೂ ಒಂದು ಹೇಳಬೇಕು. ಇದನ್ನು ಅಪ್ಪನಿಗೂ ಹೇಳಿರಲಿಲ್ಲ. ಅವ್ವನ ಒಂದೇ ಒಂದು ನೆನಪು ನನ್ನ ಹತ್ತಿರವಿದೆ.

ನಿಮ್ಮ ಮನೆಯ ಜಗಲಿ. ನಾನು ಅವಳ ಮಡಿಲಲ್ಲಿ ಕೂತಿದ್ದೇನೆ. ಬೆನ್ನಿಗೆ ಅವಳ ಹೊಟ್ಟೆ ಬೆಚ್ಚಗೆ ತಾಗುತ್ತಿದೆ. ಒಂದು ಕೈ ಮಟ್ಟೆ ಸುಲಿದ ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ. ಒಳಗೆ ಗುಡುಗುಡು. ‘ಕೇಳಿಸ್ತಾ, ಕೂಸೇ?’ ಎನ್ನುತ್ತಾಳೆ. ನಾನು ‘ಹ್ಞೂ’ ಎನ್ನುತ್ತೇನೆ. ಅಷ್ಟೇ. ಒಂದು ವಿಚಿತ್ರ ಏನೆಂದರೆ, ಮಡಿಲು ಇಷ್ಟು ಹತ್ತಿರವಿದೆ, ಮಾತು ಮಾತ್ರ ಎಲ್ಲೋ ದೂರದಿಂದ ಬಂದಂತಿದೆ. ನಲವತ್ತು ವರ್ಷದ ದೂರ ಇರಬೇಕು. ದನಿ ಹೇಗಿತ್ತೆಂದರೆ ಹೇಳಲಾರೆ. ಮಾತು ಉಳಿದಿದೆ, ದನಿ ಸವೆದುಹೋಗಿದೆ.

ಕಾರವಾರದಲ್ಲಿ ಕಾಯಿಯನ್ನು ಅಟ್ಟದಲ್ಲಿಟ್ಟು ಕಾಯುವವರಿಲ್ಲ. ಕೆಡವಿದ್ದನ್ನು ಅಂದೇ ತುರಿದು ಸಾರಿಗೆ ಹಾಕುತ್ತಾರೆ. ಹಾಗಾಗಿ ಆ ಶಬ್ದ ಮತ್ತೆಂದೂ ನನ್ನ ಕಿವಿಗೆ ಬಿದ್ದಿಲ್ಲ. ನಾನು ಕವಿತೆ ಓದುವವಳು ಅತ್ತೆ. ಒಂದೇ ಸಾಲಿಗಾಗಿ ಇಡೀ ಪುಸ್ತಕವನ್ನು ಇಟ್ಟುಕೊಳ್ಳುವುದು ನನಗೆ ಗೊತ್ತು. ನನ್ನ ಪಾಲಿಗೆ ಅವ್ವ ಎಂದರೆ ಇದೊಂದು ಸಾಲು. ಇದು ನಿಜವೇ, ಕನಸೇ? ನಿಮಗೆ ನೆನಪಿದೆಯೇ?

ಆಶಾ


ಹಾಲ್ಕುರಿಕೆ
19 ಆಗಸ್ಟ್ 2024

ಚಿ. ಸೌ. ಆಶಾಳಿಗೆ ಆಶೀರ್ವಾದಗಳು.

ತಡವಾಯಿತು. ಮನೆಯಲ್ಲಿ ಕೆಲಸ ಮುಗಿಯಲಿಲ್ಲ. ಕೆಲಸ ಯಾವುದೆಂದು ಕೇಳಬೇಡ. ಒಡೆಸಿದ ಕಾಯಿಯಲ್ಲಿ ಒಂದೂ ಉಂಡೆಯಾಗಿ ಬರಲಿಲ್ಲ. ಒಳಗಿನ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಕೂತಿತ್ತು, ಕತ್ತಿಯಲ್ಲಿ ಕೆತ್ತಿ ತೆಗೆಯಬೇಕಾಯಿತು. ಒಂದು ತಿಂಗಳು ಮನೆಯಲ್ಲಿ ಕಾಯಿ ಚಟ್ನಿ, ಕಾಯಿ ಹೋಳಿಗೆ, ಕಾಯಿ ಸಾರು. ಮಿಕ್ಕಿದ್ದು ಎಣ್ಣೆಗೆ ಹೋಯಿತು. ಕಿಬ್ಬನಹಳ್ಳಿ ಅಂಗಡಿಯವನು ಕಲ್ಲೇಶನನ್ನು ಕಂಡಾಗೆಲ್ಲ ‘ಯಾಕ್ರೀ, ನಿಮ್ಮವ್ವಂಗೆ ಅಷ್ಟು ಅರ್ಜೆಂಟು?’ ಎಂದು ಕೇಳುತ್ತಾನಂತೆ. ಒಡೆಯದೆ ಉಳಿದದ್ದನ್ನು ಮತ್ತೆ ಅಟ್ಟಕ್ಕೆ ಏರಿಸಿದ್ದೇವೆ. ಬೋಂಡ ಬಿಟ್ಟಿದ್ದೇನೆ.

ನಿನ್ನ ಮಗಳಿಗೆ ಹೇಳು. ಕಿವಿ ಹೋದ ಮೇಲೆ ನಾನು ಕಾಯಿಯನ್ನು ಅಂಗೈಯಲ್ಲಿ ಕೇಳುತ್ತೇನೆ. ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ, ಒಣಗಿದ ಉಂಡೆ ಚಿಪ್ಪಿಗೆ ಬಡಿಯುವುದು ಕೈಗೆ ತಿಳಿಯುತ್ತದೆ. ಇನ್ನೂ ನೀರಿದ್ದರೆ ಅದು ಬೇರೆ ಥರ.

ಸುನಂದಾ ವಿಷಯ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಇನ್ನೂ ಲಂಗ ಹಾಕುತ್ತಿದ್ದಳು. ಬಂದ ವಾರವೇ ನಾನು ಮಾಡಿದ ಮುದ್ದೆಯನ್ನು ತೋಟದ ಕಾಲುವೆಗೆ ಹಾಕಿ, ‘ಅತ್ತಿಗೆಮ್ಮ, ಮುಳುಗಲಿಲ್ಲ ನೋಡಿ, ಚೆನ್ನಾಗೈತೆ’ ಎಂದು ಬಂದು ಹೇಳಿದಳು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವಳೇ ಒಲೆ ಮುಂದೆ ಕೂತು ಮುದ್ದೆ ತಿರುವಿದಳು. ಅದು ಗಂಟುಗಂಟಾಗಿತ್ತು. ಇಬ್ಬರೂ ಕೂತು ತಿಂದೆವು. ಆಮೇಲೆ ನನಗೆ ಅವಳು ನಾದಿನಿಯಾಗಿ ಉಳಿಯಲಿಲ್ಲ.

ಅವಳು ನೆಟ್ಟ ತೆಂಗು ಬಾವಿಯ ಹತ್ತಿರ ಇನ್ನೂ ಇದೆ. ಬುಡದಲ್ಲಿ ಸ್ವಲ್ಪ ಬಗ್ಗಿದೆ, ಸಣ್ಣದರಲ್ಲಿ ಅವಳೇ ಅದರ ಮೇಲೆ ಕೂತು ಬಗ್ಗಿಸಿದ್ದು. ಕಾಯಿ ಚೆನ್ನಾಗಿ ಬಿಡುತ್ತದೆ.

ನೀನು ಕೇಳಿದ್ದಕ್ಕೆ, ಹೌದು. ಕನಸಲ್ಲ. ಅವಳೇ.

ಮಳೆ ಪರವಾಗಿಲ್ಲ. ನಿಮ್ಮ ಯಜಮಾನರಿಗೆ ಕೇಳಿದೆ ಎಂದು ಹೇಳು.

ನಿಂಗಮ್ಮ


ಕಾರವಾರ
1 ಸೆಪ್ಟೆಂಬರ್ 2024

ಅತ್ತೆ,

ಮುದ್ದೆ ಕಾಲುವೆಯಲ್ಲಿ ತೇಲಿದ ಕಥೆಯನ್ನು ಇಬ್ಬನಿಗೆ ಓದಿ ಹೇಳುವಾಗ ನಗು ತಡೆಯಲಾಗದೆ ಮೂರು ಸಲ ನಿಲ್ಲಿಸಬೇಕಾಯಿತು. ಫೋಟೋದ ಆ ಗಂಭೀರ ಹೆಂಗಸು ಇಂಥ ಕಿತಾಪತಿ ಎಂದು ನನಗೆ ಗೊತ್ತೇ ಇರಲಿಲ್ಲ. ಈಗ ಆ ಫೋಟೋ ನೋಡಿದರೆ ತುಟಿಯ ಅಂಚಿನಲ್ಲಿ ಏನೋ ಅಡಗಿಸಿಕೊಂಡಂತೆ ಕಾಣುತ್ತದೆ.

ಕಡೆಯಲ್ಲಿ ಬರೆದ ಆ ಒಂದು ಮಾತಿಗೆ ನಾನು ನಿಮಗೆ ಏನು ಕೊಟ್ಟರೂ ಸಾಲದು. ನನಗೆ ನಾನೇ ಕಟ್ಟಿಕೊಂಡ ಸುಳ್ಳೇನೋ ಎಂಬ ಅನುಮಾನ ಇಷ್ಟು ವರ್ಷ ಕಾಡುತ್ತಿತ್ತು. ಈಗ ಅದು ಹೋಯಿತು. ಇಬ್ಬನಿ ಪುಸ್ತಕದ ಮೊದಲ ಪುಟದಲ್ಲಿ ಅದನ್ನೇ ಬರೆದಿದ್ದಾಳೆ: ‘ನನ್ನ ಅಜ್ಜಿ ಸುನಂದಾ, ನನ್ನ ತಾಯಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಕೊಬ್ಬರಿ ಕಾಯಿಯ ಸದ್ದನ್ನು ಕೇಳಿಸುತ್ತಿದ್ದಳು.’ ಸಂಕ್ರಾಂತಿಯ ಹೊತ್ತಿಗೆ ಅಚ್ಚು ಹಾಕಿಸಿ ನೆಂಟರಿಗೆಲ್ಲ ಕೊಡಬೇಕೆಂದಿದ್ದೇವೆ.

ಇನ್ನೂ ಬರೆಯಿರಿ. ಜ್ವರ ಬಂದು ಮಲಗಿದ ಮೇಲೂ ಅವಳು ನನ್ನನ್ನು ಎತ್ತಿಕೊಳ್ಳುತ್ತಿದ್ದಳೇ? ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳೇ? ನನಗೆ ತಿಳಿಯಬೇಕಾದದ್ದು ಇಂಥವೇ ಸಣ್ಣ ಸಣ್ಣ ಸಂಗತಿಗಳು.

ಆಶಾ


ಹಾಲ್ಕುರಿಕೆ
14 ಅಕ್ಟೋಬರ್ 2024

ಆಶಾ,

ದಿನವೂ ಕಾಗದ ಮುಂದಿಟ್ಟುಕೊಂಡು ಕೂರುವುದು, ಏಳುವುದು. ಸೊಸೆ ‘ಏನತ್ತೆ, ಪರೀಕ್ಷೆ ಕಟ್ಟಿದ್ದೀರಾ?’ ಎಂದು ಚೀಟಿ ಬರೆದು ಆಡಿಕೊಂಡಳು.

ನಾನು ಹೌದು ಎಂದು ಬರೆದದ್ದು ಸುಳ್ಳು. ಆ ಮಡಿಲು ನನ್ನದು. ಕಾಯಿ ಅಲ್ಲಾಡಿಸಿದ ಕೈಯೂ ನನ್ನದು.

ನಿನಗೆ ಇರುವುದು ಅದೊಂದೇ ಎಂದು ನೀನು ಬರೆದಿದ್ದೆ. ಇರುವ ಒಂದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ನಿನ್ನೊಬ್ಬಳ ಮಾತಾಗಿದ್ದರೆ ಹಾಗೇ ಬಿಡುತ್ತಿದ್ದೆ. ಆದರೆ ನಿನ್ನ ಮಗಳು ಅದನ್ನು ಮೊದಲನೇ ಪುಟದಲ್ಲಿ ಹಾಕಿದ್ದಾಳೆ. ನಾನು ಹೋಗಿ, ನೀನೂ ಹೋದ ಮೇಲೆ ಆ ಪುಟ ಇರುತ್ತದೆ. ಸುನಂದಾ ಎಂದು ಓದುವ ಮಗು ನನ್ನನ್ನು ಕಾಣುತ್ತದೆ. ಆಗ ಅವಳು ನಿಜವಾಗಿ ಮಾಡಿದ್ದು ಯಾರಿಗೂ ಗೊತ್ತಿಲ್ಲದೆ ಹೋಗುತ್ತದೆ. ಅದನ್ನು ನಾನು ಸಹಿಸಲಾರೆ.

ಅವಳಿಗೆ ಬಂದದ್ದು ಬರೀ ಜ್ವರವಲ್ಲ. ಕ್ಷಯ. ಮಾತ್ರೆ ಕೊಟ್ಟಿದ್ದರು, ಸ್ವಲ್ಪ ಗೆಲುವಾದ ಕೂಡಲೇ ನಿಲ್ಲಿಸಿಬಿಟ್ಟಿದ್ದಳು. ಅದು ತಿರುಗಿ ಬಂದಾಗ ಹಿಡಿತಕ್ಕೆ ಸಿಗಲಿಲ್ಲ. ನಿನ್ನನ್ನು ಕರೆದುಕೊಂಡು ಇಲ್ಲಿಗೆ ಬಂದಳು. ಅವಳು ಹೋದ ಮೇಲೆ ನಿಮ್ಮಪ್ಪ ಕೈಮುಗಿದು, ‘ಆ ಕಾಯಿಲೆ ಹೆಸರು ಮಗುವಿಗೆ ಯಾರೂ ಹೇಳಬೇಡಿ, ನಾಳೆ ಹೆಣ್ಣು ಕೇಳಲು ಬಂದವರು ಹಿಂದೆ ಸರಿದಾರು’ ಎಂದರು. ಆಗ ಆ ಭಯ ಇತ್ತು. ಈಗ ಅವರೂ ಇಲ್ಲ, ನಿನಗೂ ಮದುವೆಯಾಗಿ ಮಗಳಿಗೇ ಮದುವೆ ವಯಸ್ಸು. ಇನ್ನು ಯಾರಿಗಾಗಿ ಮುಚ್ಚಿಡಲಿ?

ನೀನು ಕೇಳಿದ್ದಕ್ಕೆ ಉತ್ತರ, ಇಲ್ಲ. ಇಲ್ಲಿಗೆ ಬಂದ ಮೇಲೆ ಅವಳು ನಿನ್ನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ಹಾಗೆಂದು ಬೇರೆಯವರು ಕಟ್ಟು ಮಾಡಿರಲಿಲ್ಲ. ಅವಳೇ ಮಾಡಿದ್ದು. ಬಂದ ದಿನವೇ ಕೊಟ್ಟಿಗೆ ಪಕ್ಕದ ಕೋಣೆಗೆ ತನ್ನ ಟ್ರಂಕು ಸಾಗಿಸಿಕೊಂಡು, ‘ಅತ್ತಿಗೆಮ್ಮ, ಇವತ್ತಿಂದ ಕೂಸು ನಿಮ್ದು. ನನ್ ಹತ್ರ ಓಡಿ ಬಂದ್ರೆ ಹಿಡ್ಕೊಳಿ’ ಎಂದಳು. ನೀನು ಓಡಿ ಹೋಗುತ್ತಿದ್ದೆ. ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನೀನು ಬಾಗಿಲು ಬಡಿಯುವುದು, ಅವಳು ಒಳಗೆ ಕೆಮ್ಮುವುದು. ನಾನು ನಿನ್ನನ್ನು ಎಳೆದುಕೊಂಡು ಬರುತ್ತಿದ್ದೆ.

ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಒಂದು ದಿನ ಕೋಣೆ ಮುಂದಿನ ಕಟ್ಟೆಯ ಮೇಲೆ ಬಂದು ಕೂತು, ‘ಚೆನ್ನಾಗಿ ಗುಡುಗೋ ಕಾಯಿ ಒಂದು ಸುಲ್ದು ಕೊಡಿ’ ಎಂದಳು. ತಿನ್ನುವ ಆಸೆಯೇನೋ ಎಂದುಕೊಂಡು ಅಟ್ಟ ಹತ್ತಿ ತಂದುಕೊಟ್ಟೆ. ನಿನ್ನನ್ನು ಎತ್ತಿಕೊಂಡು ಈಚೆ ಜಗಲಿಯಲ್ಲಿ ಕೂರಲು ಹೇಳಿದಳು. ನಡುವೆ ಅಂಗಳ. ಆ ಕಾಯಿಯನ್ನು ಅಲ್ಲಿಂದ ನಿನ್ನ ಕಡೆಗೆ ಉರುಳಿಸಿದಳು. ಸಾರಿಸಿದ ನೆಲದ ಮೇಲೆ ಅದು ಗುಡುಗುಡು ಎನ್ನುತ್ತ ಉರುಳಿ ಬಂತು. ನೀನು ಅಳು ನಿಲ್ಲಿಸಿದೆ. ನಾನು ಅದನ್ನು ಸೆರಗಿನಲ್ಲಿ ಒರೆಸಿ ನಿನ್ನ ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀನು ನಕ್ಕೆ. ಆಮೇಲೆ ನೀನು ಅವಳ ಕಡೆಗೆ ಉರುಳಿಸಿದೆ.

ಅವತ್ತಿನಿಂದ ದಿನವೂ ಅದೇ ಆಟ. ನಿಮ್ಮಜ್ಜಿ ಬೈಯುತ್ತಿದ್ದರು, ‘ಕೊಬ್ರಿನ ಚೆಂಡು ಮಾಡ್ಕೊಂಡವ್ಳೆ ನೋಡು.’ ಅದಕ್ಕೆ ಇವಳು, ‘ನಿನ್ ಕೊಬ್ರಿ ಎಲ್ಲೂ ಹೋಗಿಲ್ಲ ಬುಡವ್ವ. ಒಳಗೇ ಐತೆ’ ಎನ್ನುತ್ತಿದ್ದಳು. ಎದ್ದು ಕೂರುವ ಶಕ್ತಿ ಇರುವವರೆಗೂ ಒಂದು ದಿನವೂ ತಪ್ಪಿಸಲಿಲ್ಲ.

ಇದೇ ನಿಜ. ಪುಸ್ತಕದಲ್ಲಿ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಂಗಮ್ಮ


ಹಾಲ್ಕುರಿಕೆ
2 ಡಿಸೆಂಬರ್ 2024

ಆಶಾಳಿಗೆ,

ನನ್ನ ಕಾಗದ ಸಿಕ್ಕಿತೋ ಇಲ್ಲವೋ. ದೀಪಾವಳಿಗೂ ನಿನ್ನಿಂದ ಏನೂ ಬರಲಿಲ್ಲ. ಕಲ್ಲೇಶ ಫೋನ್ ಮಾಡುತ್ತೇನೆ ಎಂದು ಸನ್ನೆ ಮಾಡಿದ. ಬೇಡ ಕಣ್ಲಾ ಎಂದೆ. ಅಂಚೆಯವನ ಬೈಕ್ ಬರುವ ಹೊತ್ತಿಗೆ ಜಗಲಿಯಲ್ಲಿ ಕೂತಿರುತ್ತೇನೆ. ಅವನು ದೂರದಿಂದಲೇ ಕೈ ಆಡಿಸಿ ಇಲ್ಲ ಎಂದು ಹೋಗುತ್ತಾನೆ.

ಹೇಳಬಾರದಿತ್ತೇನೋ. ಹೇಳಿಯಾಯಿತು.

ಚಳಿ ಜಾಸ್ತಿ. ಬೆಚ್ಚಗಿರು.

ನಿಂಗಮ್ಮ


ಕಾರವಾರ
11 ಡಿಸೆಂಬರ್ 2024

ಅತ್ತೆ,

ಕಾಗದ ಸಿಕ್ಕಿತ್ತು. ಉತ್ತರ ಬರೆಯಲಾಗಲಿಲ್ಲ. ಮೊದಲು ಕೋಪ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಅಪ್ಪನ ಮೇಲಿರಬಹುದು, ನಿಮ್ಮ ಮೇಲಿರಬಹುದು, ಬಾಗಿಲು ಹಾಕಿಕೊಂಡವಳ ಮೇಲೂ ಇರಬಹುದು. ಇಬ್ಬನಿಗೆ ಕಾಗದ ತೋರಿಸದೆ, ‘ಮೊದಲ ಪುಟ ತೆಗೆದುಬಿಡು’ ಎಂದಷ್ಟೇ ಹೇಳಿದೆ. ಯಾಕೆಂದು ಕೇಳಿದಳು. ಹೇಳಲಿಲ್ಲ. ನಮ್ಮ ಮನೆಯಲ್ಲಿ ಇಂಥದನ್ನು ಮುಚ್ಚಿಡುವುದು ಎಷ್ಟು ಸಲೀಸಾಗಿ ಬರುತ್ತದೆ ಎಂದು ಆಗ ನನಗೇ ನಾಚಿಕೆಯಾಯಿತು. ಆ ಸಂಜೆ ಕಾಗದವನ್ನು ಅವಳ ಕೈಗಿಟ್ಟೆ.

ಅವಳು ಓದಿ, ಕಾಗದ ಮಡಿಸಿಟ್ಟು, ‘ಅಮ್ಮ, ನಿನಗೆ ಒಂದು ನೆನಪು ಹೋಗಲಿಲ್ಲ, ಇಬ್ಬರು ಸಿಕ್ಕರು’ ಎಂದಳು. ನನಗದು ತಕ್ಷಣ ಒಪ್ಪಿಗೆಯಾಗಲಿಲ್ಲ. ಚಿಕ್ಕವರು ಇಂಥ ಮಾತನ್ನು ಬೇಗ ಹೇಳಿಬಿಡುತ್ತಾರೆ, ನಮಗೆ ಅಲ್ಲಿಗೆ ಹೋಗಿ ಮುಟ್ಟಲು ಹೊತ್ತು ಬೇಕು.

ಮೊನ್ನೆ ಸಂತೆಯಲ್ಲಿ ತರಕಾರಿಯವಳು ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರಿನ ಸದ್ದು, ಅದು ನನ್ನ ಸದ್ದಲ್ಲ. ಆದರೂ ಜನರ ನಡುವೆ ನಿಂತು ಕಣ್ಣು ಮುಚ್ಚಿದೆ. ಜಗಲಿ ಬಂತು. ಮಡಿಲು ನನ್ನ ಹಿಂದಿದೆ. ಕೈ ಬಲಗಡೆಯಿಂದ ಬರುತ್ತದೆ. ಅವೆರಡೂ ನೀವು ಎಂದು ಈಗ ಗೊತ್ತಾದ ಮೇಲೆ ಅವು ಇನ್ನಷ್ಟು ಬೆಚ್ಚಗಾದವು. ಆದರೆ ಮಾತು, ಅತ್ತೆ. ಅದು ಹಿಂದಿನಿಂದ ಬರುವುದಿಲ್ಲ. ಎದುರಿನಿಂದ ಬರುತ್ತದೆ, ದೂರದಿಂದ, ಅಂಗಳದಷ್ಟು ದೂರದಿಂದ. ನಾನು ಅದನ್ನು ವರ್ಷಗಳ ದೂರವೆಂದು ತಿಳಿದಿದ್ದೆ.

ಒಂದೇ ಪ್ರಶ್ನೆ. ಕಾಯಿ ಅಲ್ಲಾಡಿಸುವಾಗ ನೀವು ಮಾತಾಡುತ್ತಿದ್ದಿರಾ? ‘ಕೇಳಿಸ್ತಾ, ಕೂಸೇ’ ಎಂದವರು ಯಾರು? ನೀವೇ ಆಗಿದ್ದರೆ ನೀವೇ ಎಂದು ಬರೆಯಿರಿ. ಇನ್ನು ನನಗೆ ಹೌದು ಎಂದು ಬರೆಯುವ ಉಪಕಾರ ಬೇಡ.

ಸಂಕ್ರಾಂತಿಗೆ ಇಬ್ಬನಿಯನ್ನು ಕಳಿಸುತ್ತಿದ್ದೇನೆ. ನನಗೆ ರಜೆ ಇಲ್ಲ. ಬೇಸಿಗೆಗೆ ನಾನೇ ಬರುತ್ತೇನೆ. ಪುಸ್ತಕ ಅಲ್ಲಿಯವರೆಗೆ ಕಾಯಲಿ.

ನಿಮ್ಮ
ಆಶಾ


ಹಾಲ್ಕುರಿಕೆ
16 ಜನವರಿ 2025

ಚಿ. ಸೌ. ಆಶಾಳಿಗೆ ನಿಂಗಮ್ಮತ್ತೆಯ ಆಶೀರ್ವಾದಗಳು.

ನಾನಲ್ಲ.

ಒಂದು ಸಲ ನಾನು ಬಾಯಿ ಹಾಕಿದ್ದೆ. ಅದಕ್ಕೆ ಅವಳು ಕಟ್ಟೆಯಿಂದಲೇ ಜಗಳಕ್ಕೆ ಬಂದಳು. ‘ಅತ್ತಿಗೆಮ್ಮ, ನೀವು ಅಲ್ಲಾಡ್ಸಿ ಸಾಕು. ಕೇಳೋಳು ನಾನು.’ ಮಡಿಲನ್ನು ನನಗೆ ಬಿಟ್ಟುಕೊಟ್ಟಳು, ತಲೆ ಬಾಚುವುದು, ತುತ್ತು ಇಡುವುದು, ಎಲ್ಲ ಬಿಟ್ಟುಕೊಟ್ಟಳು. ಆ ಒಂದು ಮಾತನ್ನು ಮಾತ್ರ ಕೊಡಲಿಲ್ಲ. ಕಾಯಿ ಉರುಳಿ ಬರಬೇಕು, ನಾನು ಅಲ್ಲಾಡಿಸಬೇಕು, ಅವಳು ಆ ಕಡೆಯಿಂದ ‘ಕೇಳಿಸ್ತಾ, ಕೂಸೇ?’ ಎಂದು ಕೂಗಬೇಕು, ನೀನು ‘ಹ್ಞೂ’ ಎನ್ನಬೇಕು. ಕಡೆಕಡೆಗೆ ಕೂಗಿದರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವವರೆಗೂ ಕಾದು, ಆಮೇಲೆ ಕೂಗುತ್ತಿದ್ದಳು.

ದನಿ ಹೇಗಿತ್ತು ಎಂದು ನಿನ್ನ ಮಗಳು ಕೇಳಿದ್ದಳಲ್ಲ. ದಪ್ಪ ದನಿ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು. ತೋಟದ ಆ ತುದಿಯಲ್ಲಿ ನಿಂತು ನಿಮ್ಮ ಮಾವನನ್ನು ಊಟಕ್ಕೆ ಕರೆದರೆ ಪಕ್ಕದ ತೋಟದವರೂ ಏಳುತ್ತಿದ್ದರು. ಮಾತಿನ ಕೊನೆಯಲ್ಲಿ ಯಾವಾಗಲೂ ಸ್ವಲ್ಪ ನಗು ಮೆತ್ತಿಕೊಂಡಿರುತ್ತಿತ್ತು, ಬೈಯುವಾಗಲೂ. ಕಾಯಿಲೆಯಲ್ಲಿ ದನಿ ಸಣ್ಣಗಾಯಿತು, ನಗು ಹೋಗಲಿಲ್ಲ. ನನಗೆ ಈಗ ಮನೆಯವರ ದನಿ ಒಂದೂ ಕೇಳಿಸುವುದಿಲ್ಲ. ಅದು ಮಾತ್ರ ಕೇಳಿಸುತ್ತದೆ. ನನಗೆ ಕೇಳಿಸುವುದೂ ನಿನಗೆ ಕೇಳಿಸುವುದೂ ಒಂದೇ. ಅಪ್ಪನ ಮನೆಗೆ ಹೋಗುವಾಗ ನೀನು ಬೇರೇನನ್ನೂ ತೆಗೆದುಕೊಂಡು ಹೋಗಲಿಲ್ಲ, ಅದನ್ನು ಹಿಡಿದುಕೊಂಡೇ ಹೋಗಿದ್ದೀಯ.

ನಿನ್ನ ಮಗಳು ಬಂದು ಮೂರು ದಿನವಾಯಿತು. ಇಬ್ಬನಿ ಎಂದರೆ ಕಲ್ಲೇಶನ ಬಾಯಿಗೆ ಬರುವುದು ‘ಕಿಬ್ಬನಹಳ್ಳಿ’ಯೇ. ಹಾಗೇ ಕರೆಯುತ್ತಾನಂತೆ, ಅವಳೂ ಓ ಎನ್ನುತ್ತಾಳಂತೆ. ಬಾವಿ ಹತ್ತಿರದ ಬಗ್ಗಿದ ಮರದ ಮೇಲೆ ಕೂತು ಫೋಟೋ ತೆಗೆಸಿಕೊಂಡಳು. ಸೊಸೆಯಿಂದ ಮುದ್ದೆ ತಿರುವುವುದನ್ನು ಕಲಿತಳು. ಗಂಟು ಕಟ್ಟಿತು. ಕಾಲುವೆಗೆ ಹಾಕಿ ನೋಡೋಣ ಎಂದು ಅವಳೇ ಎದ್ದು ಹೊರಟಳು.

ನಿನ್ನೆ ಅಟ್ಟದ ಕಾಯಿ ನೋಡಿದೆ. ಆವಾಗ ಅವಸರದಲ್ಲಿ ಇಳಿಸಿ ಮತ್ತೆ ಏರಿಸಿದ್ದೆವಲ್ಲ, ಅವು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಕೊಬ್ಬರಿ ಆಗಿವೆ. ಕಲ್ಲೇಶ ನನ್ನ ಮುಖ ನೋಡಿ, ‘ಏನವ್ವ, ಈ ಸಲ ಅರ್ಜೆಂಟ್ ಇಲ್ವಾ?’ ಎಂದು ಕೈಸನ್ನೆಯಲ್ಲಿ ಕೇಳಿದ. ‘ಇಲ್ಲ ಕಣ್ಲಾ, ಹುಡುಗಿ ಪುಸ್ತಕದಲ್ಲಿ ನನ್ ಪಾಲು ಇನ್ನೂ ಬರ್ದಿಲ್ಲ’ ಎಂದೆ. ನಿಜವಾಗಿ ಬರೆಯುತ್ತೇನೆ. ಮೃದುಭಾಷಿ ಎಂದು ಹಾಕಕೂಡದು ಎಂದು ಹೇಳಿದ್ದೇನೆ.

ಕೊಟ್ಟಿಗೆ ಪಕ್ಕದ ಕೋಣೆ ಈಗಿಲ್ಲ, ಅಲ್ಲಿ ಕಲ್ಲೇಶ ಬೈಕ್ ನಿಲ್ಲಿಸುತ್ತಾನೆ. ಕಟ್ಟೆ ಇದೆ. ಅಂಗಳಕ್ಕೆ ಸಿಮೆಂಟು ಹಾಕಿಸಿದ್ದಾರೆ. ನಿನ್ನ ಮಗಳು ಒಂದು ಕಾಯಿ ಸುಲಿಸಿಕೊಂಡು ಆ ಕಟ್ಟೆಯ ಮೇಲೆ ಹೋಗಿ ಕೂತಳು. ನನ್ನನ್ನು ಜಗಲಿಯಲ್ಲಿ ಕೂರಲು ಸನ್ನೆ ಮಾಡಿದಳು. ಸದ್ದು ಹಿಡಿದು ನಿನಗೆ ಕಳಿಸಬೇಕೆಂದು ಫೋನನ್ನು ನನ್ನ ಪಕ್ಕದಲ್ಲಿಟ್ಟಿದ್ದಳು. ಆಮೇಲೆ ಉರುಳಿಸಿದಳು.

ಸಿಮೆಂಟಿನ ಮೇಲೆ ಜೋರು ಸದ್ದಾಗಿರಬೇಕು, ಸೊಸೆ ಒಳಗಿನಿಂದ ಓಡಿ ಬಂದಳು. ನನಗೆ ಬರೀ ಕಾಯಿ ಬರುವುದು ಕಂಡಿತು. ಜಗಲಿಗೆ ಬಂದು ತಾಗಿತು. ಎತ್ತಿಕೊಂಡೆ. ಸೆರಗಿನಲ್ಲಿ ಒರೆಸಿದೆ, ಅಭ್ಯಾಸ. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದೆ.

ಅವಳ ತುಟಿ ಆಡುವುದು ಇಲ್ಲಿಂದಲೇ ಕಂಡಿತು. ಏನು ಕೇಳಿದಳೆಂದು ಯಾರೂ ಹೇಳಬೇಕಾಗಿರಲಿಲ್ಲ.

‘ಹ್ಞೂ’ ಎಂದೆ.

ನಿಂಗಮ್ಮ